ಮದುಮಗಳ ಸಮಯ ಮುಗಿಯಿತು

ಬೋಳಾರದ ಹಂಚಿನ ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಮೂವತ್ತೈದು ವರ್ಷ ಕೂತವನು ನಾನು. ಅಲ್ಲಿ ಸೋಮವಾರ ಎಷ್ಟು ಹಂಚು ಹೊರಬರುತ್ತಿತ್ತೋ ಶನಿವಾರವೂ ಅಷ್ಟೇ. ಹಂಪನಕಟ್ಟೆಯಲ್ಲಿ ಮದುವೆ ಸೀರೆಯ ಅಂಗಡಿ ಇಟ್ಟಿರುವ ಮಗಳು ವಿನುತಾ ಒಂದು ದಿನ, “ಒಮ್ಮೆ ಕಾಲಿಡಲು ಜಾಗ ಇಲ್ಲ, ಮರುದಿನ ನೊಣ ಹೊಡೆಯುವುದು. ವ್ಯಾಪಾರ ಒಂದು ಸಮ ಇಲ್ಲ ಪಪ್ಪ” ಎಂದಾಗ ಕಾಯಿಲೆ ಏನೆಂದು ನನಗೆ ಕೂಡಲೇ ತಿಳಿಯಿತು. ಶಿಸ್ತಿಲ್ಲ!

ಅವಳು ಸೀರೆ ತರಲು ಕಂಚಿಗೆ ಹೊರಟಳು. ನಾಲ್ಕು ದಿನ ಅಂಗಡಿಯ ಹೊಣೆ ನನ್ನದು.

“ಶುಕ್ರವಾರ ತೊಕ್ಕೊಟ್ಟಿನವರು ಬರ್ತಾರೆ. ಮದುವೆ ಆಟಿ ಕಳೆದ ಮೇಲೆ. ಆಟಿಯ ಮಳೆ ತಿಂಗಳಲ್ಲಿ ಯಾರೂ ಮದುವೆ ಜವಳಿ ತೆಗೆಯುವುದಿಲ್ಲವಲ್ಲ, ಹಾಗೆ ಈಗಲೇ. ಧಾರೆ ಸೀರೆಯಿಂದ ಹಿಡಿದು ಇಡೀ ಕುಟುಂಬಕ್ಕೆ ಉಂಟು. ಆಟಿ ತಿಂಗಳು ಅಂಗಡಿ ನಿಲ್ಲುವುದೇ ಅದರ ಮೇಲೆ. ನೀವು ಎಂತ ಮಾಡ್ಬೇಡಿ, ಕೂತ್ಕೊಳ್ಳಿ ಸಾಕು. ಸೀರೆ ಶಾಲಿನಿ ತೋರಿಸ್ತಾಳೆ.”

ಕೂತುಕೊಳ್ಳುವುದೆಂದರೆ ಸುಮ್ಮನಿರುವುದು ಎಂದು ಅವಳ ಅರ್ಥ. ನನ್ನ ಅರ್ಥ ಬೇರೆ. ಅಂದೇ ಬಾಗಿಲಿಗೆ ಫಲಕ ಹಾಕಿದೆ: “ಒಂದು ಬ್ಯಾಚಿಗೆ ಮೂವರು. ಮೂವತ್ತು ನಿಮಿಷ. ಉಳಿದವರು ಹೊರಗಿನ ಬೆಂಚಿನಲ್ಲಿ.” ಸಮಯ ಮುಗಿದಾಗ ಬಾರಿಸಲು ಮನೆಯಿಂದ ಒಂದು ಗಂಟೆಯನ್ನೂ ತಂದೆ.

ಶುಕ್ರವಾರ ವ್ಯಾನಿನಿಂದ ಹನ್ನೊಂದು ಜನ ಇಳಿದರು, ಎರಡೂ ಮನೆಯವರು. ನಿಯಮದಂತೆ ಮದುಮಗಳು, ತಾಯಿ, ಅಕ್ಕ ಮೊದಲ ಬ್ಯಾಚ್. ಧಾರೆಗೆ ಕುಂಕುಮ ಬಣ್ಣದ ಸೀರೆ ಹಿಡಿಸಿತು. ಗಂಟೆ ಬಾರಿಸಿ ಅವರನ್ನು ಹೊರಗೆ ಕಳುಹಿಸಿದೆ. ಸೀರೆಯನ್ನು ಮಡಚಿ ಕಪಾಟಿಗೆ ಹಾಕಿದೆ.

“ಅಂಕಲ್, ಅದು ಹೊರಗೆ ಇರಲಿ. ಉಳಿದವರೂ ನೋಡ್ಬೇಕಲ್ಲ?” ಎಂದಳು ಶಾಲಿನಿ.

“ಒಂದು ಬ್ಯಾಚಿನ ಮಾಲು ಇನ್ನೊಂದಕ್ಕೆ ಬೆರೆಯಬಾರದು” ಎಂದೆ. ಹಂಚಿನ ವಿಷಯದಲ್ಲಿ ಇದು ಸತ್ಯ.

ಎರಡನೆಯ ಬ್ಯಾಚು ಹುಡುಗನ ತಾಯಿ ಮತ್ತು ಅವರ ಇಬ್ಬರು ತಂಗಿಯರದು. ಧಾರೆಗೆ ಅವರು ಒಪ್ಪಿದ್ದು ಹಸಿರು. ಮೂರನೆಯದು ಹುಡುಗಿಯ ಮೂವರು ಸೋದರತ್ತೆಯರದು. ಅವರಿಗೆ ಅರಿಶಿನ ಬಣ್ಣ. ಎಲ್ಲವೂ ಸಮಯಕ್ಕೆ ಸರಿಯಾಗಿ. ನಾನು ಹಿಗ್ಗಿದೆ.

ಕೊನೆಗೆ ಒಂದೂವರೆ ಗಂಟೆ ಬೆಂಚಿನಲ್ಲಿ ಕೂತಿದ್ದ ಮುದುಕಿ, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದವರು, ಹುಡುಗಿಯ ಸೋದರಮಾವನ ಕೈ ಹಿಡಿದು ಒಳಗೆ ಬಂದರು.

“ಹುಡುಗಿಗೆ ಯಾವುದು ಹಿಡಿಸಿತು?”

“ಅದು ಮೊದಲ ಬ್ಯಾಚಿನ ವಿಷಯ.”

“ಮದುಮಗಳು ಎಲ್ಲಿ?”

“ಅವಳ ಸಮಯ ಮುಗಿಯಿತು.”

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ ನೋಡಲಿಲ್ಲ. ಆದರೆ ಸೋದರಮಾವ ಸಮಯ ವ್ಯರ್ಥ ಮಾಡದೆ ನೇರಳೆ ಬಣ್ಣದ್ದೊಂದನ್ನು ಒಪ್ಪಿದರು. ಎರಡು ಗಂಟೆಯಲ್ಲಿ ನಾಲ್ಕು ಧಾರೆ ಸೀರೆ! ಧಾರೆಗೆ ನಿಲ್ಲುವ ಹುಡುಗಿ ಒಬ್ಬಳೇ ಎಂಬ ಅಂಶ ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ.

ಮೆಟ್ಟಿಲ ಮೇಲೆ ಗದ್ದಲ ಎದ್ದಿತು. “ಹಸಿರೇ ಅಂತ ಹೇಳಿ ಆಗಿದೆ” ಎಂದು ಹುಡುಗನ ತಾಯಿ. “ಯಾರನ್ನು ಕೇಳಿ?” ಎಂದು ಹುಡುಗಿಯ ತಾಯಿ. ಮದುಮಗಳು ಅಳುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲರೂ ಒಪ್ಪಿದ್ದಾರೆ, ಮತ್ತೆ ಜಗಳ ಯಾವುದಕ್ಕೆ?

ದೊಡ್ಡಮ್ಮ ಬಾಗಿಲಲ್ಲಿ ನಿಂತು, “ಮದುವೆಯ ನಂತರ ಆಗಬೇಕಾದ ಜಗಳವನ್ನು ನೀವು ಮೊದಲೇ ಮುಗಿಸಿಕೊಟ್ರಿ ಮಾರಾಯ್ರೆ” ಎಂದರು. ವ್ಯಾನು ಖಾಲಿ ಕೈಯಲ್ಲಿ ಹೊರಟಿತು.

ಶನಿವಾರ ಬಂದ ವಿನುತಾ ಬೈಯಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಎರಡೂ ಮನೆಯವರನ್ನು ಹೇಗೋ ಒಪ್ಪಿಸಿ, ಭಾನುವಾರ ಸೀರೆಗಳ ಗಂಟು ನನ್ನ ಹೆಗಲಿಗೆ ಹೊರಿಸಿ ತೊಕ್ಕೊಟ್ಟಿನ ಹುಡುಗಿಯ ಮನೆಗೆ ಕರೆದೊಯ್ದಳು. ಚಾಪೆಯ ಮೇಲೆ ಎಲ್ಲ ಸೀರೆ ಒಟ್ಟಿಗೆ ಹರಡಿದಳು. ಹನ್ನೊಂದು ಜನ ಸುತ್ತ ಕೂತರು. ನಾನೂ ಕೂರಲು ಹೋದೆ.

“ನಿಮ್ಮದು ಹೊರಗಿನ ಬ್ಯಾಚ್” ಎಂದರು ದೊಡ್ಡಮ್ಮ.

ಜಗಲಿಯಲ್ಲಿ ಮೂರು ಗಂಟೆ ಕೂತೆ. ಒಳಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ಯಾವ ಬ್ಯಾಚೂ ನೋಡಿರದ ನೀಲಿ ಸೀರೆಯೊಂದನ್ನು ದೊಡ್ಡಮ್ಮ ಹುಡುಗಿಯ ಹೆಗಲಿಗೆ ಹಾಕಿ ತಲೆಯಾಡಿಸಿದರಂತೆ. ಕುಟುಂಬದ ಉಳಿದ ಸೀರೆಗಳೂ ಅಲ್ಲೇ ಆದವು. ಆಟಿಗೆ ಅಂಗಡಿ ಉಳಿಯಿತು. ಇದು ಹೇಗೆ ಸಾಧ್ಯ ಎಂದು ನನಗೆ ಇಂದಿಗೂ ತಿಳಿದಿಲ್ಲ.

ಫಲಕ ಈಗ ಇಲ್ಲ. ಗಂಟೆ ದೇವರ ಕೋಣೆಗೆ ಮರಳಿದೆ. ದಿನವೂ ನಾಲ್ಕಕ್ಕೆ ಸರಿಯಾಗಿ ಹೋಗಿ ಅಂಗಡಿಯ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ, ಆರಕ್ಕೆ ಏಳುತ್ತೇನೆ. ಒಂದು ನಿಮಿಷ ತಪ್ಪಿಲ್ಲ. ಆ ಅಂಗಡಿಯಲ್ಲಿ ಏರುಪೇರಿಲ್ಲದೆ ನಡೆಯುತ್ತಿರುವುದು ಅದೊಂದೇ.