ಬಾಳೆ ಮೀನಿನ ಊಟದ ವರದಿ

ಎರಡು ಕಡೆ ವಿಚಾರಿಸದೆ ಒಂದು ಸಾಲನ್ನೂ ಬರೆಯಬಾರದು ಎಂಬುದು ನಮ್ಮ ಪತ್ರಿಕೆಯ ನಿಯಮ. ಶಹಾಪುರದಿಂದ ಇಷ್ಟು ವರ್ಷ ಸುದ್ದಿ ಕಳಿಸಿದ ನನಗೆ ಅದು ಮೈಗೂಡಿದೆ ಎಂದೇ ನಂಬಿದ್ದೆ. ನಮ್ಮ ಮನೆಗೆ ಮೀನೊಂದು ಬಂದ ಮೇಲೆ ನಂಬಿಕೆ ಸ್ವಲ್ಪ ಸಡಿಲವಾಗಿದೆ.

ಭೀಮಾ ತೀರದ ಮೀನುಗಾರರ ಬಗ್ಗೆ ಬರೆದಿದ್ದೆ. ಪತ್ರಿಕೆಯಲ್ಲಿ ತನ್ನ ಫೋಟೊ ಕಂಡ ಯಲ್ಲಪ್ಪ, ಬೆರಳುದ್ದದ ಬಾಳೆ ಮೀನಿನ ಮರಿಯೊಂದನ್ನು ಕೊಡದಲ್ಲಿ ತಂದುಕೊಟ್ಟ. ನಾವು ಲಿಂಗ ಕಟ್ಟಿದವರು, ತಿನ್ನುವುದಿಲ್ಲವೆಂದು ಅವನಿಗೂ ಗೊತ್ತು. “ಸಾಕಾಕ ಕೊಟ್ಟೇನ್ರಿ ಸಾಹೇಬ್ರ. ಸಂತಿಗೆ ಬಂದಾಗೊಮ್ಮೆ ನೋಡಿ ಹೋಗ್ತೀನಿ” ಅಂದ. ಅದು ಸತ್ತರೆ ಅವನಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಆಗಲೇ ಹತ್ತಿಕೊಂಡಿತು.

ಮೀನನ್ನು ಗಾಜಿನ ತೊಟ್ಟಿಗೆ ಬಿಟ್ಟೆವು. ಅವ್ವ ಜೋಳದ ರೊಟ್ಟಿಯ ಚೂರು ಹಾಕಿದಳು. ಅದು ಮೀಸೆ ಆಡಿಸಿ ಸುಮ್ಮನಾಯಿತು, ನೀರು ಅಂಬಲಿಯಂತಾಯಿತು. ಹೆಂಡತಿ ಶಾಂತಾ ಶೇಂಗಾಪುಡಿ ಹಾಕಿದಳು. ಅದೂ ತಳ ಸೇರಿತು. ಮೂರನೆಯ ದಿನ ಯಲ್ಲಪ್ಪನಿಗೆ ಫೋನ್ ಮಾಡಿದೆ.

“ಅದು ಬ್ಯಾಟಿ ಆಡೂ ಮೀನರಿ, ರೊಟ್ಟಿ ಏನ್ ತಿಂತದ. ಒಂದಿನ ಎರಿಹುಳ, ಒಂದಿನ ಹಸಿ ಸಿಗಡಿ ತೊಳದು ಹಾಕ್ರಿ. ದಿನಾ ಒಂದಾ ನಮೂನಿ ಬ್ಯಾಡ. ಔಷಧ ಹೊಡದ ಹೊಲದ ಹುಳ ಮುಟ್ಟಬ್ಯಾಡ್ರಿ. ದಿನಕ್ಕ ಒಂದಾ ಸಲ. ಹೊಟ್ಟಿ ತಲಿಗಿಂತ ದಪ್ಪ ಕಂಡ್ರ ಕೈ ನಿಲ್ಲಸ್ರಿ.”

ಅಂದಿನಿಂದ ಅವ್ವ ಪೂಜೆಗೆ ಕೂತ ಹೊತ್ತು ನೋಡಿ ಅಂಗಳದ ದಾಸವಾಳದ ಬುಡ ಅಗೆದು ಹುಳ ತೆಗೆಯತೊಡಗಿದೆ. ಸಿಗಡಿಯ ದಿನವನ್ನು ಮುಂದೂಡುತ್ತ ಬಂದೆ. ಮನೆಯಲ್ಲಿ, ಪೇಟೆಯಿಂದ ತಂದ ಮೀನಿನ ಕಾಳು ಹಾಕುತ್ತೇನೆ ಎಂದೆ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಪ್ರಶ್ನೆ ಕೇಳುವುದೇ ಕಸುಬಾದ ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಹತ್ತು ದಿನಕ್ಕೆ ಮೀನಿನ ಹೊಟ್ಟೆ ನಿಂಬೆಕಾಯಿಯಷ್ಟಾಗಿ, ಅದು ತಳದಲ್ಲಿ ವಾಲಿ ಮಲಗಿತು. ಮರುದಿನವೇ ಸಂತೆ, ಯಲ್ಲಪ್ಪ ನೋಡಲು ಬರುವ ದಿನ. ವಿಚಾರಣೆ ಶುರುಮಾಡಿದೆ. ಶಾಂತಾ ಗೋಡೆ ನೋಡಿದಳು. “ಬಾಜೂ ಮನಿ ಬೀಬಿಯಕ್ಕನ ಕಡೆ ಮಧ್ಯಾಹ್ನ ಎರಡು ಸಿಗಡಿ ಇಸ್ಕೊಂತಿದ್ದೆರಿ. ಕಾಳಿನಾಗ ಅದರ ಹೊಟ್ಟಿ ತುಂಬತದೇನು? ಅತ್ತಿಯವ್ರಿಗೆ ಹೇಳಬ್ಯಾಡ್ರಿ.”

ಅತ್ತೆಯವರು ಪೂಜೆಯ ಕೋಣೆಯಿಂದಲೇ ಉತ್ತರಿಸಿದರು. “ಸಂಜಿಗೆ ನಾನೂ ಹುಳ ಹಾಕ್ತೀನಿ, ಚಮಚದಾಗ ಹಿಡದು.”

“ಯವ್ವಾ, ನೀನೂ?”

“ದಾಸವಾಳದ ಬುಡ ಅಗದಿದ್ದು ನೋಡಿದಾಗಾನ ನಿನ್ನ ಕಾಳು ಎಂಥಾವು ಅಂತ ಗೊತ್ತಾತು. ಮುಂಜಾನಿ ತಿಂದಿದ್ದು ಸಂಜಿತನಕ ಇರ್ತದೇನು? ಮನ್ಯಾಗಿನ ಜೀವ ಹಸದು ಕುಂತ್ರ ನನಗ ಪೂಜಿ ಮ್ಯಾಲ ಲಕ್ಷ್ಯ ಇರಂಗಿಲ್ಲ.”

ಮಡಿಯ ಮನೆಯಲ್ಲಿ ಮೂವರೂ ಕದ್ದು ಬಡಿಸಿ, ಮೀನಿಗೆ ದಿನಕ್ಕೆ ಮೂರು ಹೊತ್ತಿನ ಊಟವಾಗಿತ್ತು.

ಯಲ್ಲಪ್ಪ ಬಂದು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. “ಮೂರು ದಿನ ಉಪಾಸ ಇಡ್ರಿ, ಬದುಕತದ. ಮುಂದ ಒಬ್ಬರದಾ ಕೈ ಇರ್ಲಿ” ಎಂದವನು ಅವ್ವನಿಗೂ ತಲೆ–ಹೊಟ್ಟೆಯ ಅಳತೆ ತೋರಿಸಿಕೊಟ್ಟ. ಅಧಿಕಾರ ಅವ್ವನ ಕೈಗೆ ಹೋಯಿತು. ಮೂರು ದಿನ ತೊಟ್ಟಿಯ ಹತ್ತಿರ ಯಾರನ್ನೂ ಬಿಡಲಿಲ್ಲ. ನಾಲ್ಕನೆಯ ದಿನ ಮೀನು ಗಾಜಿಗೆ ಮೀಸೆ ತಾಗಿಸುತ್ತ ಈಜಿತು.

ಅಂದು ಮಧ್ಯಾಹ್ನ ನೆಮ್ಮದಿಯಿಂದ ಊಟಕ್ಕೆ ಕೂತು ನಾಲ್ಕನೆಯ ರೊಟ್ಟಿಗೆ ಕೈ ಚಾಚಿದೆ. ಅವ್ವ ನನ್ನ ಹೊಟ್ಟೆ ನೋಡಿದಳು, ತಲೆ ನೋಡಿದಳು, ರೊಟ್ಟಿಯ ಬುಟ್ಟಿಯನ್ನು ಆಚೆ ಸರಿಸಿದಳು.

“ತಲಿಗಿಂತ ದಪ್ಪ ಆಗ್ಯಾದ.”

ಶಾಂತಾಳ ಕಡೆ ನೋಡಿದೆ. “ಹೌದ್ರಿ, ನಾನೂ ನೋಡೇನಿ” ಎಂದಳು.

ಎರಡು ಕಡೆಯಿಂದ ಖಚಿತವಾದ ಮೇಲೆ ಕೈ ತೊಳೆದು ಎದ್ದೆ.