ಸೋಲಾಪುರದ ವಿಳಾಸಕ್ಕೆ ಹೋದ ಸೀರೆ

ಚಿತ್ತಾಪುರದ ತಹಸೀಲ ಕಚೇರಿಯ ಗುಮಾಸ್ತ ಅಮೃತಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟಿರಲಿಲ್ಲ, ಅವಳ ತಮ್ಮನ ಲಗ್ನದ ಮೇಲೂ ಇರಲಿಲ್ಲ. ಅವನ ಸಿಟ್ಟೆಲ್ಲ ಹೈದರಾಬಾದ್ ಸರ್ಕಾರ ಹೊಸದಾಗಿ ಹೇರಿದ ಮಾರಾಟ ತೆರಿಗೆಯ ಮೇಲಿತ್ತು. ಹನ್ನೆರಡು ವರ್ಷದ ಸಂಸಾರದಲ್ಲಿ ಶಿವಕಾಂತಮ್ಮ ಬಾಯಿಬಿಟ್ಟು ರೇಷ್ಮೆ ಸೀರೆ ಕೇಳಿದ್ದು ಇದೇ ಮೊದಲು. ಇಲ್ಲ ಎನ್ನುವ ಎದೆಗಾರಿಕೆ ಅವನಿಗಿಲ್ಲ. ಆದರೆ ತನ್ನ ಹೆಂಡತಿ ಉಡುವ ಸೀರೆಗೆ ಹೈದರಾಬಾದಿಗೆ ಕಪ್ಪಕಾಣಿಕೆ ಏಕೆ?

ಕಚೇರಿಯ ಕಾಗದಗಳನ್ನು ತಿರುವಿಹಾಕಿ ಅವನೊಂದು ದಿವ್ಯಮಂತ್ರ ಹುಡುಕಿದ: ಪರರಾಜ್ಯದ ಗಿರಾಕಿಗೆ ತೆರಿಗೆ ಮಾಫಿ. (ಅದರ ಕೆಳಗೆ ಇನ್ನೆರಡು ಸಾಲಿದ್ದವು. ಅಷ್ಟರಲ್ಲಿ ಚಹಾ ಬಂತು.)

ಶಹಾಬಾದಿನಲ್ಲಿ ಲಾಲ್ ಅಹ್ಮದ್‌ನ ಬಟ್ಟೆ ಅಂಗಡಿಯಲ್ಲಿ ಹಸಿರು ಸೀರೆ ಆರಿಸಿ, ಅಮೃತಪ್ಪ ಗಂಟಲು ಸರಿಮಾಡಿಕೊಂಡ.

"ನಾವು ಸೋಲಾಪುರದವರು. ಮುಂಬೈ ರಾಜ್ಯ. ನಮಗ ಟ್ಯಾಕ್ಸ್ ಹತ್ತಂಗಿಲ್ಲ."

"ಬರೋಬರಿ ಹೇಳಿದ್ರಿ," ಎಂದ ಲಾಲ್ ಅಹ್ಮದ್. "ಆದ್ರ ಮಾಫಿ ಬೇಕಂದ್ರ ಮಾಲು ಕೈಯಾಗ ಕೊಡಲಿಕ್ಕ ಬರಂಗಿಲ್ಲ ನೋಡ್ರಿ. ಸೋಲಾಪುರಕ್ಕ ನಾನೇ ರೈಲಿಗೆ ಪಾರ್ಸಲ್ ಹಾಕ್ತೀನಿ. ಪತ್ತಾ ಬರಸ್ರಿ."

ಅಂಗಡಿಯಲ್ಲಿದ್ದವರೆಲ್ಲ ಪರರಾಜ್ಯದ ಅತಿಥಿಯನ್ನು ನೋಡುತ್ತಿದ್ದರು. ಈಗ ಚಿತ್ತಾಪುರ ಎಂದರೆ ಮಾನ ಹೋಗುತ್ತದೆ. ಸೋಲಾಪುರದಲ್ಲಿ ಅವನಿಗೆ ಗೊತ್ತಿದ್ದ ವಿಳಾಸ ಒಂದೇ, ಹೆಂಡತಿಯ ತಂಗಿ ಗುರುಲಿಂಗಮ್ಮನದು. ಪಾರ್ಸಲ್ ಬಿಡಿಸಿಕೊಳ್ಳಲು ಆ ಊರಿನವರೇ ಬೇಕಲ್ಲ ಎಂದು ಅವಳ ಹೆಸರಿಗೇ ಬರೆಸಿದ. ಕೆಳಗೆ, ಕಳಿಸಿದವರು ಅಮೃತಪ್ಪ.

ಬರಿಗೈಲಿ ಬಂದ ಗಂಡನನ್ನು ಶಿವಕಾಂತಮ್ಮ ಬಾಗಿಲಲ್ಲೇ ನಿಲ್ಲಿಸಿದಳು. "ಸೀರಿ ಎಲ್ಲದರಿ?"

"ಸೋಲಾಪುರಕ್ಕ ಹೊಂಟದ. ಗುರುಲಿಂಗಮ್ಮ ಹ್ಯಾಂಗೂ ಲಗ್ನಕ್ಕ ಬರ್ತಾಳ, ತರ್ತಾಳ ಬಿಡು."

"ಅಕ್ಕಂದು ಅಂತ ಆಕಿಗಿ ಹ್ಯಾಂಗ ತಿಳೀಬೇಕು? ಒಂದು ಕಾರ್ಡ್ ಹಾಕ್ರಿ."

"ಅಷ್ಟು ತಿಳ್ಯಾಂಗಿಲ್ಲೇನು ಆಕಿಗಿ? ಟ್ಯಾಕ್ಸ್ ಉಳಿಸಿ ಕಾರ್ಡಿಗಿ ಸುರೀಲೇನು?"

ಹೆಂಡತಿಯ ತವರೂರು ಕುರಕುಂಟಾದಲ್ಲಿ ಲಗ್ನದ ಹಂದರ ಬಿದ್ದಿತ್ತು. ಶಿವಕಾಂತಮ್ಮ ಹಳೆಯ ಸೀರೆಯಲ್ಲೇ ತಂಗಿಯ ದಾರಿ ಕಾಯುತ್ತಿದ್ದಳು. ಗುರುಲಿಂಗಮ್ಮ ಬಂಡಿ ಇಳಿದಳು. ಹಸಿರು ಸೀರೆಯೂ ಇಳಿಯಿತು, ಅವಳ ಮೈಮೇಲೆ. ನೆಟ್ಟಗೆ ಬಂದು ಅಮೃತಪ್ಪನ ಕಾಲು ಮುಟ್ಟಿದಳು.

"ಮಾವಾ, ಇಷ್ಟು ವರ್ಷದಾಗ ನಮ್ಮನಿಯವ್ರಿಗೂ ಹೊಳೀಲಿಲ್ಲ ನೋಡ್ರಿ. ನೀವು ಆಯೇರಿ ಕಳಿಸಿದ್ರಿ ಅಂತ ಓಣಿ ತುಂಬ ಹೇಳೀನಿ."

ಲಗ್ನದ ಉಡುಗೊರೆಯೆಂದು ಆಯೇರಿ ಕೊಟ್ಟ ಸೀರೆಯನ್ನು, ಅದೂ ಉಟ್ಟ ಮೇಲೆ, ತವರಿನ ಹೆಣ್ಣುಮಗಳ ಮೈಯಿಂದ ಬಿಚ್ಚಿಸಿಕೊಂಡ ಅಳಿಯ ಕುರಕುಂಟಾದಲ್ಲಿ ಹುಟ್ಟಿಲ್ಲ. ಅತ್ತೆ ಕಣ್ಣೊರೆಸಿಕೊಂಡಳು. ನಾಲ್ಕು ಮಂದಿ ಹೆಂಗಸರು ಹೊಗಳಿದರು. ಶಿವಕಾಂತಮ್ಮನಿಗೆ ತಂಗಿಯ ಮುಖ ನೋಡಿದರೆ ಬೈಯಲೂ ಮನಸ್ಸಾಗಲಿಲ್ಲ. ಸೆರಗು ಸರಿಪಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಮ್ಮನಿಯವ್ರ ಕೈ ಭಾಳ ದೊಡ್ಡದು. ಲಗ್ನ ಮುಗಿದ ಮ್ಯಾಲ ನನಗೂ ಅಂಥದ್ದೇ ಕೊಡಸ್ತಾರ."

ಮರುವಾರ ಲಾಲ್ ಅಹ್ಮದ್ ಹಳೆಯ ಗಿರಾಕಿಯನ್ನು ಗುರುತಿಸಿ, ಅಂಥದ್ದೇ ಸೀರೆ ಮಡಚಿ, ಪೆನ್ಸಿಲ್ ತೆಗೆದ. "ಸೋಲಾಪುರಕ್ಕೇ ಕಳಿಸ್ಲೇನ್ರಿ ಸಾಹೇಬ್ರ?"

ಅಮೃತಪ್ಪ ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ಕೈ ಬಂದು ಸೀರೆಯನ್ನು ಎತ್ತಿ ಕಂಕುಳಿಗೆ ಸೇರಿಸಿತು.

"ಚಿತ್ತಾಪುರ ಅಂತ ಬರ್ಕೋರಿ," ಎಂದಳು ಶಿವಕಾಂತಮ್ಮ. "ಟ್ಯಾಕ್ಸ್ ಪೂರಾ ಹಚ್ರಿ. ಸೋಲಾಪುರದಾಕಿ ಆಗಲೇ ಉಟ್ಟಾಳ."