ನಾಲ್ಕುನೂರ ಹನ್ನೆರಡನೆಯ ಧ್ವನಿಮುದ್ರಣ

ಬರುವ ಭಾನುವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಈ ಮನೆಯಲ್ಲಿ ಯಾರೂ ತುಟಿ ಪಿಟಿಕ್ಕೆನ್ನದಂತೆ ನೋಡಿಕೊಳ್ಳುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ. ಮನೆಯಲ್ಲಿರುವುದು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ. ಹಾಗಾಗಿ ಪ್ರತಿಜ್ಞೆ ಯಾರನ್ನು ಕುರಿತದ್ದು ಎಂಬುದು ಅವಳಿಗೆ ಕೂಡಲೇ ಅರ್ಥವಾಯಿತು.

ಹೊಟ್ಟೆಪಾಡಿಗೆ ನಾನು ಅಂಗಡಿಗಳ ತಕ್ಕಡಿ ಪರೀಕ್ಷಿಸಿ 'ಸರಿಯಿದೆ' ಎಂದು ಮುದ್ರೆ ಒತ್ತುವ ಕಚೇರಿಯಲ್ಲಿದ್ದೇನೆ. ಒಂದು ಗ್ರಾಂ ಆಚೀಚೆಯಾದರೂ ನನ್ನ ಕಣ್ಣು ತಪ್ಪಿಸಲಾರದು. ಆದರೆ ನನ್ನ ಬಾಳು ಮುಡಿಪಾಗಿರುವುದು ಹಿಂದಿನ ತಲೆಮಾರಿನ ಒಬ್ಬ ಮಹಾಗಾಯಕಿಗೆ, ಅಂದರೆ ಅವರ ಧ್ವನಿಮುದ್ರಣಗಳಿಗೆ. ಅಂಗಡಿಯಲ್ಲಿ ಸಿಗುವಂಥವು ಎಲ್ಲರ ಮನೆಯಲ್ಲೂ ಇರುತ್ತವೆ, ಅವಲ್ಲ. ಅವರು ವೇದಿಕೆಯ ಮೇಲೆ ಹಾಡುವಾಗ ಸಭಿಕರು ಮಡಿಲಲ್ಲಿ ಬಚ್ಚಿಟ್ಟ ರೆಕಾರ್ಡರಿನಲ್ಲಿ ಹಿಡಿದಂಥವು. ನನ್ನ ಬಳಿ ಅಂಥವು ನಾಲ್ಕುನೂರ ಹನ್ನೊಂದಿವೆ. ಒಂದರಲ್ಲಿ ಅವರು ಹಾಡಿನ ನಡುವೆ ಕೆಮ್ಮುತ್ತಾರೆ. ಇನ್ನೊಂದರಲ್ಲಿ ಅದೇ ಹಾಡು, ಕೆಮ್ಮಿಲ್ಲ. ಎರಡನ್ನೂ ಒಂದರ ಹಿಂದೊಂದು ಕೇಳಿಸಿದಾಗ ಹೆಂಡತಿ, "ಈಗ ನಾನೇನು ಮಾಡ್ಬೇಕು?" ಎಂದಳು. ರಸಿಕತೆ ಎಲ್ಲರಿಗೂ ಒಲಿಯುವುದಿಲ್ಲ ಎಂದುಕೊಂಡೆ.

ನಮ್ಮ ಊರಿನಲ್ಲಿ ಈ ಹುಚ್ಚು ಹಿಡಿದವರು ಐದು ಜನ. ನಮ್ಮೆಲ್ಲರ ಹಿರಿಯರಿಗೆ 'ದೊಡ್ಡಕಿವಿ' ಎಂದೇ ಹೆಸರು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಮ್ಮೆ ಕೇಳಿದ ದನಿಯನ್ನು ಮರೆಯುವವರಲ್ಲ. ಅವರ ಬೀರುವಿನಲ್ಲಿ ಒಂದು ಟೇಪ್ ಇದೆ. ಬಯಲಿನಲ್ಲಿ ನಡೆದ ಕಾರ್ಯಕ್ರಮವೊಂದರಲ್ಲಿ ಕರೆಂಟ್ ಹೋಗಿ, ಗಾಯಕಿ ಮೈಕಿಲ್ಲದೆ ಒಂದೂವರೆ ಗಂಟೆ ಹಾಡಿದ್ದು ಅದರಲ್ಲಿದೆ. ಲೋಕದಲ್ಲಿ ಅದೊಂದೇ ಪ್ರತಿ. ಅದಕ್ಕಾಗಿ ನಾನು ಹನ್ನೊಂದು ವರ್ಷದಿಂದ ಅವರ ಬೆನ್ನು ಬಿದ್ದಿದ್ದೇನೆ. ಅವರದು ಒಂದೇ ಮಾತು: "ನಮ್ಮ ಐವರಲ್ಲಿ ಯಾರ ಹತ್ರಾನೂ ಇಲ್ಲದ್ದನ್ನ ತಂದು ಕೇಳಿಸಿ. ಅವತ್ತು ಕೊಡ್ತೀನಿ."

ಹೋದ ತಿಂಗಳು ನನ್ನ ಅದೃಷ್ಟ ಕಣ್ಣು ಬಿಟ್ಟಿತು. ನಮ್ಮ ಅತ್ತೆಯವರು ಎಳೆಯ ವಯಸ್ಸಿನಲ್ಲಿ ಒಂದು ಸಭಾಂಗಣದ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದರಂತೆ. ಒಂದು ಸಂಜೆ ಗಾಯಕಿ ಹಾಡಿದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು, ಟ್ರಂಕಿನ ತಳದಲ್ಲಿಟ್ಟು, ಮರೆತೂ ಬಿಟ್ಟಿದ್ದರು. ಇಷ್ಟು ದೊಡ್ಡ ನಿಧಿಯ ಮೇಲೆ ಕಂಬಳಿ ಹೊದಿಸಿಟ್ಟಿದ್ದ ಮನೆಯಿಂದ ನಾನು ಹೆಣ್ಣು ತಂದಿದ್ದೆ, ಅದೂ ಹತ್ತೊಂಬತ್ತು ವರ್ಷದ ಹಿಂದೆ!

ಕ್ಯಾಸೆಟ್ಟಿನಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸಲು ಹೊಸ ಡಬ್ಬಿಯೊಂದನ್ನು ತಂದೆ. ಅತಿ ಸೂಕ್ಷ್ಮ, ಹೈ-ರೆಸಲ್ಯೂಷನ್. ಗಾಯಕಿ ಉಸಿರು ಎಳೆದುಕೊಂಡರೂ ಬಿಡಿಬಿಡಿಯಾಗಿ ಕೇಳಿಸಬೇಕು, ಅಂಥದ್ದು. ಭಾನುವಾರ ಎರಡೂ ಮುಕ್ಕಾಲಿಗೆ ಹೆಂಡತಿಯನ್ನು ಕರೆದು ಶಾಸನ ಹೊರಡಿಸಿದೆ. ಅವಳು ಮನೆಯಲ್ಲೇ ಬಟ್ಟೆ ಹೊಲಿದುಕೊಡುವವಳು. ಹೊಲಿಗೆ ಯಂತ್ರ ತುಳಿಯಬಾರದು, ಕುಕ್ಕರ್ ಇಡಬಾರದು, ಫೋನಿನಲ್ಲಿ ಮಾತಾಡಬಾರದು.

"ಹಾಡು ಹೇಗೆ ಕಂಪ್ಯೂಟರಿಗೆ ಹೋಗುತ್ತೆ?" ಎಂದಳು.

"ಟೇಪಿನಿಂದ ತಂತಿ, ತಂತಿಯಿಂದ ಡಬ್ಬಿ, ಡಬ್ಬಿಯಿಂದ ಕಂಪ್ಯೂಟರು. ಹೊರಗಿನ ಗಾಳಿ ಕೂಡ ಸೋಕಲ್ಲ."

"ತಂತಿ ಒಳಗೇ ಹೋಗೋದಾದ್ರೆ ನಾನ್ಯಾಕೆ ಬಾಯಿ ಮುಚ್ಕೊಂಡಿರ್ಬೇಕು?"

ಪ್ರಶ್ನೆ ಸರಿಯಾಗಿಯೇ ಇತ್ತು. ಸರಿಯಾದ ಪ್ರಶ್ನೆಗಳಿಗೆ ನಾನು ಮನೆಯಲ್ಲಿ ಉತ್ತರ ಕೊಡುವುದಿಲ್ಲ. "ಅದು ಗಾಯಕಿಗೆ ಕೊಡೋ ಗೌರವ" ಎಂದೆ.

"ರೀ, ಆ ಡಬ್ಬೀದು ದೀಪಾನೇ ಹತ್ತಿಲ್ವಲ್ಲ?"

"ಒಳ್ಳೆ ಯಂತ್ರಗಳು ಹಾಗೆಲ್ಲ ಮಿಣಮಿಣ ಅನ್ನಲ್ಲ ಕಣೇ. ಅವಕ್ಕೂ ಒಂದು ಗಾಂಭೀರ್ಯ ಇರುತ್ತೆ."

ಸರಿಯಾಗಿ ಮೂರಕ್ಕೆ ಗುಂಡಿ ಒತ್ತಿದೆ. ಕೋಣೆಯ ಸ್ಪೀಕರುಗಳಿಂದ ಆ ದಿವ್ಯಕಂಠ ಹೊಮ್ಮಿತು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆ ಹಾಡಿಗೆ ತಕ್ಕಂತೆ ಏಳುತ್ತ ಬೀಳುತ್ತ ಇತ್ತು. ನಾನು ಸೋಫಾದಲ್ಲಿ ಒರಗಿ, ತನ್ಮಯನಾಗಿ ಕಣ್ಣು ಮುಚ್ಚಿದೆ. ಮತ್ತೆ ತೆರೆದಾಗ ನಾಲ್ಕೂ ಹತ್ತು. ಕ್ಯಾಸೆಟ್ ಮುಗಿದಿತ್ತು. ಹೆಂಡತಿ ಎದುರಿಗೆ ಕೂತು ಕೈಯಲ್ಲಿ ಗುಂಡಿ ಹೊಲಿಯುತ್ತಿದ್ದಳು, ಮನೆ ನಿಶ್ಶಬ್ದವಾಗಿತ್ತು. "ಭೇಷ್" ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಐದು ಗಂಟೆಗೆ ದೊಡ್ಡಕಿವಿಯವರ ಮನೆಯಲ್ಲಿ ನಮ್ಮ ಕೂಟ. ಕೇಳಿ ನೋಡಲು ಪುರುಸೊತ್ತು ಎಲ್ಲಿ? ಮನಸ್ಸಿನಲ್ಲೇ 'ಸರಿಯಿದೆ' ಎಂದು ಮುದ್ರೆ ಒತ್ತಿ ಪೆನ್‌ಡ್ರೈವ್ ಜೇಬಿಗೆ ಹಾಕಿದೆ. ನನ್ನ ದಿಗ್ವಿಜಯವನ್ನು ಕಣ್ಣಾರೆ ಕಾಣಲಿ ಎಂದು ಹೆಂಡತಿಯನ್ನೂ ಹೊರಡಿಸಿದೆ.

ದೊಡ್ಡಕಿವಿಯವರ ಕೋಣೆಯಲ್ಲಿ ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ದಪ್ಪ ಜಮಖಾನ, ಆರು ಕುರ್ಚಿ. ಹಲ್ಲಿನ ಡಾಕ್ಟರು, ಗಡಿಯಾರ ರಿಪೇರಿಯವರು, ಗಣಿತದ ಮೇಷ್ಟ್ರು ಆಗಲೇ ಕಣ್ಣು ಮುಚ್ಚಿ ಸಿದ್ಧರಾಗಿದ್ದರು. ನಮ್ಮ ಕೂಟದಲ್ಲಿ ಕಣ್ಣು ತೆರೆದು ಕೇಳುವವರಿಗೆ ಬೆಲೆಯಿಲ್ಲ. ಹಾಡು ಶುರುವಾಯಿತು. ಗಾಯಕಿಯ ದನಿ ಸ್ವಲ್ಪ ದೂರದಿಂದ ಬಂದಂತಿತ್ತು. "ಹಿಂದಿನ ಸಾಲಿನಿಂದ ಹಿಡಿದದ್ದು" ಎಂದು ವಿವರಿಸಿದೆ.

ಹತ್ತು ನಿಮಿಷದ ಮೇಲೆ ಹಲ್ಲಿನ ಡಾಕ್ಟರು ಬೆರಳೆತ್ತಿದರು. "ಕೆಳಗಡೆ ಒಂದು ಶ್ರುತಿ ಹಿಡಿದಿದ್ದಾರೆ, ಕೇಳಿಸ್ತಾ? ಬಹಳ ಮಂದ್ರ. ಎಳೀತಾರೆ, ಬಿಡ್ತಾರೆ. ಕಮಾನಿನಿಂದ ನುಡಿಸೋ ದೊಡ್ಡ ವಾದ್ಯ ಇರ್ಬೇಕು."

ನನಗೂ ಕೇಳಿಸಿತು. ಗಂಭೀರವಾದ ನಾದ. "ಹೌದು, ಅವತ್ತು ಹೊರಗಿನಿಂದ ಒಬ್ಬ ವಿದ್ವಾಂಸರನ್ನ ಕರೆಸಿದ್ರಂತೆ" ಎಂದುಬಿಟ್ಟೆ. ಬಾಯಿಗೆ ಬಂದದ್ದನ್ನು ಆಡುವುದು ಎಂದರೆ ಇದೇ. ಪಕ್ಕದಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು, ಕಣ್ಣಲ್ಲಿ ನೀರಾಡುತ್ತಿತ್ತು. ಆನಂದಬಾಷ್ಪ ಎಂದುಕೊಂಡೆ.

ಆಮೇಲೆ ತಾಳ ಬಂತು. ಟರ್‍ರ್, ಟರ್‍ರ್, ನಿಲುಗಡೆ, ಮತ್ತೆ ಟರ್‍ರ್. ಗಡಿಯಾರದವರು ತೊಡೆ ತಟ್ಟಿಕೊಂಡು ಎಣಿಸಿದರು. "ಎಂಥ ಲೆಕ್ಕಾಚಾರ ಸ್ವಾಮಿ! ಸಾಲು ಮುಗಿಯೋ ಜಾಗಕ್ಕೆ ಸರಿಯಾಗಿ ನಿಲ್ಸ್ತಾರೆ. ಯಾರಿವರು?"

"ಅವರದೇ ತಂಡದವರು" ಎಂದೆ.

"ರೀ," ಹೆಂಡತಿ ಕಿವಿಯ ಹತ್ತಿರ ಬಂದಳು, "ಅದು ನನ್ನ ಮಷೀನು."

"ಸುಮ್ನಿರು."

"ಪಕ್ಕದ ಮನೆಯವರ ಪರದೆ. ನಾಳೆ ಕೊಡ್ಬೇಕಿತ್ತು."

ಅಷ್ಟರಲ್ಲಿ ಸ್ಪೀಕರಿನಿಂದ ಮೂರು ಸಲ ಉದ್ದನೆಯ ಸೀಟಿ ಕೇಳಿಸಿತು. "ಅಭಿಮಾನಿಗಳು!" ಎಂದು ಗಣಿತದ ಮೇಷ್ಟ್ರು ತಲೆದೂಗಿದರು. ನಮ್ಮ ಕುಕ್ಕರಿನ ಮೂರನೆಯ ಸೀಟಿ ಕೊನೆಯಲ್ಲಿ ಕೊಂಚ ಬಿಕ್ಕುತ್ತದೆ. ಅದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

ಮುಂದೆ ಬಂದದ್ದು ಇನ್ನೊಂದು ದನಿ. ಗಾಯಕಿಯ ಜೊತೆಗೇ, ಸಣ್ಣಗೆ, ಯಾರೋ ಹೆಂಗಸು ಹಾಡುತ್ತಿದ್ದಳು. ಅವರು ಮೇಲೇರಿದರೆ ಇವಳು ಕೆಳಗೇ ನಿಂತು ಕಾಯುತ್ತಿದ್ದಳು, ಇಳಿದು ಬಂದಾಗ ಮತ್ತೆ ಜೊತೆಗೂಡುತ್ತಿದ್ದಳು. ಎಲ್ಲರ ಕಣ್ಣೂ ತೆರೆದವು. ಗಾಯಕಿ ಯಾರ ಜೊತೆಗೂ ಹಾಡಿದ ದಾಖಲೆಯೇ ಇಲ್ಲ.

ದೊಡ್ಡಕಿವಿಯವರು ನಿಧಾನವಾಗಿ ನನ್ನ ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ನೀವು ಆಗ ಏನೋ ಪಿಸುಗುಟ್ಟಿದ್ರಲ್ಲ. ಇನ್ನೊಂದ್ಸಲ ಹೇಳಿ, ನೋಡೋಣ."

ಅವಳು ಹೇಳುವ ಅಗತ್ಯ ಬೀಳಲಿಲ್ಲ. ಸ್ಪೀಕರಿನಲ್ಲೇ ಫೋನು ರಿಂಗಾಯಿತು. ಜೊತೆಗಿನ ಹಾಡು ನಿಂತು ಅದೇ ದನಿ ಮಾತಾಡಿತು:

"ಹಲೋ. ಹೇಳೇ ತಂಗಿ. ಹೂಂ, ಅಮ್ಮನ ಕ್ಯಾಸೆಟ್ಟೇ. ನಿಮ್ಮ ಭಾವನಾ? ಮಲಗಿದ್ದಾರೆ. ಗೊರಕೆ ಕೇಳಿಸ್ತಿಲ್ವಾ? ಎಬ್ಬಿಸಲ್ಲಮ್ಮ. ಎದ್ರೆ ಮುಗೀತು, ಇಲ್ಲಿ ಉಸಿರು ಕೇಳು, ಅಲ್ಲಿ ಕೆಮ್ಮು ಕೇಳು ಅಂತ ಪ್ರಾಣ ತಿಂತಾರೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಇವತ್ತು ಈ ಹಾಡನ್ನ ಪೂರ್ತಿ ಕೇಳ್ತಿದೀನಿ ಕಣೇ. ಎಷ್ಟು ಚೆನ್ನಾಗಿದೆ ಗೊತ್ತಾ? ಇಡ್ತೀನಿ, ಇನ್ನೊಂದು ಚರಣ ಇದೆ."

ನಾನು ಎದ್ದು ನಿಲ್ಲಿಸಲು ಹೋದೆ. "ಮುಟ್ಟಬೇಡಿ" ಎಂದರು ದೊಡ್ಡಕಿವಿಯವರು. ಆ ಇನ್ನೊಂದು ಚರಣ ಮುಗಿಯುವವರೆಗೂ ಯಾರೂ ಅಲುಗಾಡಲಿಲ್ಲ. ನಾಚಿಕೆಯಿಂದ ನನಗೆ ನೆಲಕ್ಕಿಳಿದು ಹೋಗುವಂತಾಗಿತ್ತು, ಆದರೆ ಜಮಖಾನ ಬಹಳ ದಪ್ಪಗಿತ್ತು.

ಕೊನೆಗೆ ಅವರೇ ತೀರ್ಪು ಕೊಟ್ಟರು. "ತಂತಿ ಸರಿಯಾಗಿ ಸಿಕ್ಕಿಸಿಲ್ಲ ನೀವು. ಕಂಪ್ಯೂಟರಿಗೂ ತನ್ನದೇ ಮೈಕು ಇರುತ್ತೆ. ಕೋಣೇಲಿ ಕೇಳಿದ್ದನ್ನೆಲ್ಲ ಅದು ಹಿಡ್ಕೊಂಡಿದೆ. ಹೈ-ರೆಸಲ್ಯೂಷನ್ನಿನಲ್ಲಿ." ಹಲ್ಲಿನ ಡಾಕ್ಟರು ನನ್ನನ್ನೇ ನೋಡುತ್ತ, "ಕಮಾನಿನ ವಾದ್ಯ" ಎಂದು ಗೊಣಗಿದರು. ಆಮೇಲೆ ಎಲ್ಲರೂ ನಕ್ಕರು ನೋಡಿ, ಐದು ನಿಮಿಷ ಕೋಣೆ ಹಿಡಿತಕ್ಕೆ ಬರಲಿಲ್ಲ. ನನ್ನ ಹೆಂಡತಿಯ ನಗುವೇ ಎಲ್ಲರಿಗಿಂತ ಜೋರು.

ದೊಡ್ಡಕಿವಿಯವರು ಎದ್ದು ಬೀರು ತೆಗೆದರು. "ಏನೇ ಆಗ್ಲಿ, ಇಂಥದ್ದು ಯಾರ ಹತ್ರಾನೂ ಇಲ್ಲ. ಮಾತು ಕೊಟ್ಟ ಮೇಲೆ ಮುಗೀತು." ಹನ್ನೊಂದು ವರ್ಷದ ಆಸೆ ಅವರ ಕೈಯಲ್ಲಿ ನನ್ನ ಕಡೆ ನಡೆದು ಬಂತು. ನಾನು ಎರಡೂ ಕೈ ಚಾಚಿದೆ. ಅದು ಕೈಗಳ ಮೇಲಿನಿಂದ ದಾಟಿ ನನ್ನ ಹೆಂಡತಿಯ ಮಡಿಲಿಗೆ ಹೋಯಿತು. "ತಗೊಳ್ಳಿ ಅಮ್ಮಾ. ಹೊಲೀತಾ ಕೇಳಿ. ಇವರು ಎಚ್ಚರ ಇದ್ದಾಗ ಹಾಕಬೇಡಿ."

ಈಗ ಮೈಕಿಲ್ಲದ ಆ ಹಾಡು ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಕೇಳಿಸುತ್ತದೆ. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟು ನಾನೂ ಹೊಲಿಗೆ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂರುತ್ತೇನೆ. ಉಸಿರು, ಕೆಮ್ಮು ಏನನ್ನೂ ತೋರಿಸುವುದಿಲ್ಲ. ಹೇಳಿದರೆ ನಂಬುತ್ತೀರೋ ಇಲ್ಲವೋ, ಹಾಡು ನಿಜಕ್ಕೂ ಚೆನ್ನಾಗಿದೆ. ಅತ್ತೆಯವರ ಕ್ಯಾಸೆಟ್ಟನ್ನೂ ಮತ್ತೊಮ್ಮೆ, ಡಬ್ಬಿಯ ದೀಪ ಹತ್ತಿಸಿಕೊಂಡು, ಅಚ್ಚುಕಟ್ಟಾಗಿ ಇಳಿಸಿದೆ. ಕೂಟದವರು ಐದು ನಿಮಿಷ ಕೇಳಿ, "ಇದರಲ್ಲಿ ಬರೀ ಹಾಡಿದೆ. ಆ ಹಳೇದನ್ನೇ ಹಾಕಿ" ಎಂದರು.

ಹಾಗಾಗಿ ಆ ಹಳೆಯದನ್ನೇ ನನ್ನ ಪಟ್ಟಿಯಲ್ಲಿ ನಾಲ್ಕುನೂರ ಹನ್ನೆರಡನೆಯದಾಗಿ ಬರೆದುಕೊಂಡೆ. ತೂಕದ ಕಚೇರಿಯವನು ಸುಳ್ಳು ಬರೆಯುವಂತಿಲ್ಲ. 'ಗಾಯನ: ಮಹಾಗಾಯಕಿ. ಸಹಗಾಯನ ಮತ್ತು ತಾಳ: ನನ್ನ ಹೆಂಡತಿ. ಶ್ರುತಿ:' ಎಂದು ಬರೆದು, ಅಲ್ಲಿಗೆ ಪೆನ್ನು ಮುಚ್ಚಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ದುಂಡಗೆ ಬರೆದಿತ್ತು: 'ನಮ್ಮ ಯಜಮಾನರು. ಪರೀಕ್ಷಿಸಲಾಗಿದೆ, ಸರಿಯಿದೆ.'